ಸರ್ ಸವರಬೇಕಿದ್ದ ಹಲಗೆ

ನಿನ್ನೆ ಪ್ರಯೋಗಾಲಯದಲ್ಲಿ ನಮ್ಮ ಯಂತ್ರದ ಗಾಳಿ ಹೀರುವ ಪಂಪಿನ ಬೇರಿಂಗ್ ಬದಲಿಸಿದರು. ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿದೆ, ಗ್ರೀಸಿನ ವಾಸನೆ ಬೆರಳಿಗೆ ಹತ್ತಿತು. ಸಾಬೂನು ಹಚ್ಚಿ ತೊಳೆದರೂ ಹೋಗಲಿಲ್ಲ. ಅದರ ಬೆನ್ನಿಗೇ ಬೈಲಹೊಂಗಲದ ಕಾಲೇಜಿನ ನಮ್ಮ ಫಿಜಿಕ್ಸ್ ಸರ್ ನೆನಪಾದರು, ಅವರ ಹಿತ್ತಾಳೆ ಪರಾತವೂ...

ಆ ಅಗಲ ತಟ್ಟೆಯ ತುಂಬ ಸೈಕಲ್ಲಿನ ಛರ್ರೆಗಳು, ಅಂದರೆ ಬೇರಿಂಗಿನೊಳಗಿನ ಉಕ್ಕಿನ ಗುಂಡುಗಳು. ಸರ್ ಕಾಳು ಕೇರುವ ಹಾಗೆ ಪರಾತ ಅಲುಗಿಸುತ್ತಿದ್ದರು. ಛರ್ರೆಗಳು ತಾವೇ ಸಾಲುಹಿಡಿದು ಕೂತುಬಿಡುತ್ತಿದ್ದವು. ಒಬ್ಬೊಬ್ಬರನ್ನೇ ಕರೆದು, ಕಣ್ಣು ಮುಚ್ಚಿಸಿ, ಬೆರಳಿಂದ ಸವರಿಸುತ್ತಿದ್ದರು. ಬೋರ್ಡಿನ ಮೇಲೆ ಅವರು ಬರೆದದ್ದು ನನಗೆ ನೆನಪೇ ಇಲ್ಲ. ನಮ್ಮ ಕೈಯಿಂದಲೇ ಬರೆಸುತ್ತಿದ್ದರು. ಮೈಗಳ್ಳರು ಎಂದು ನಾವು ನಗುತ್ತಿದ್ದೆವು.

"ಒಳಗಿನವ್ರಿಗೆ ಸುತ್ತೂ ಮಂದಿ ಇರ್ತಾರ. ಮ್ಯಾಲಿನವ್ರಿಗೆ ತೆಲಿ ಮ್ಯಾಲ ಯಾರೂ ಇಲ್ಲ. ಅದಕ್ಕ ಬಾಜೂದವ್ರ ಕೈ ಹಿಡೀತಾರ," ಎಂದು ವಸ್ತುವಿನ ಒಳಗಿನ, ಮೇಲ್ಮೈಯ ಪರಮಾಣುಗಳ ಬಗ್ಗೆ ಹೇಳುತ್ತಿದ್ದರು. ಪರಮಾಣುಗಳು ಖರೇನೇ ಹಾಗೆ ಕೈ ಹಿಡಿದು ಕೂತದ್ದು ಎಂದಾದರೂ ಸಿಕ್ಕರೆ ತಮಗೆ ತಂದು ತೋರಿಸಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಆ ಮಾತೇ ನನ್ನನ್ನು ಈ ಕೆಲಸಕ್ಕೆ ಎಳೆದು ತಂದಿತು. ಸಿಲಿಕಾನ್ ಚೂರಿನ ಮೇಲ್ಮೈಯಲ್ಲಿ ಪರಮಾಣುಗಳು ಹೇಗೆ ಕೂತಿವೆ ಎಂದು ತಿಳಿಯುವುದು ನನ್ನ ಕೆಲಸ. ಅತ್ತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಂಥದೇ ಮೇಲ್ಮೈ ಕಟ್ಟುತ್ತೇವೆ. ಇತ್ತ ಯಂತ್ರದಲ್ಲಿ ನಿಜವಾದ ಚೂರನ್ನು ಪರೀಕ್ಷಿಸುತ್ತೇವೆ. ಮೇಲಿನ ಪರಮಾಣುಗಳು ಎರಡೆರಡಾಗಿ ಕೈ ಹಿಡಿದ ಜೋಡಿಗಳು ಲೆಕ್ಕದಲ್ಲಿ ಓರೆಯಾಗಿದ್ದವು, ಯಂತ್ರದಲ್ಲಿ ಸಮನಾಗಿ ಕಾಣುತ್ತಿದ್ದವು. ಅವು ಬಹಳ ಬೇಗ ಅತ್ತಿತ್ತ ಓಲಾಡುತ್ತಿದ್ದುದರಿಂದ ಹಾಗೆ ಕಂಡಿದ್ದವು, ಅಷ್ಟೇ. ಚೂರನ್ನು ವಿಪರೀತ ತಂಪು ಮಾಡಿದ ಮೇಲೆ ಓಲಾಟ ನಿಂತು ಎರಡೂ ತಾಳೆಯಾದವು. ಯಂತ್ರ ಕೊಟ್ಟ ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ.

ಸರ್ ಅದನ್ನು ಇಸಿದುಕೊಂಡು, ಅಂಗೈಯಿಂದ ಸವರಿ, "ಭಾಳ ಛಲೋ ಬಂದೈತಿ ತಂಗಿ," ಎಂದರು. ಅವರು ಸವರುತ್ತಿದ್ದದ್ದು ಹಿಂಬದಿಯ ರಟ್ಟು.

ನಾವೆಲ್ಲ ಕಾಕು ಎನ್ನುತ್ತಿದ್ದ ಅವರ ಹೆಂಡತಿ ಅಡಿಗೆಮನೆಗೆ ಕರೆದು ಹೇಳಿದರು: ಕಣ್ಣು ಪೂರಾ ಹೋಗಿ ವರ್ಷಗಳಾದವು, ನಮಗೆ ಕಲಿಸುವಾಗಲೇ ಅರ್ಧ ಮಂಜಾಗಿತ್ತು, ನೌಕರಿಗೆ ಸಂಚಕಾರ ಬಂದೀತೆಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ದಿನಾ ಎದುರಿಗೆ ಕೂತು ಪಾಠ ಕೇಳಿದವಳು ನಾನು! ಬೋರ್ಡು, ಪರಾತ, ಮುಚ್ಚಿಸಿದ ಕಣ್ಣು... ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಹೊರಗೆ ಬಂದಾಗ ಸರ್, ಅಷ್ಟು ಸಣ್ಣದು ನಿಮ್ಮ ಯಂತ್ರಕ್ಕೆ ಕಾಣುವುದಾದರೂ ಹೇಗೆ ಎಂದು ಕೇಳಿದರು. ಅದು ನೋಡುವುದಿಲ್ಲ, ಸೂಜಿಯ ತುದಿಯನ್ನು ಮುಟ್ಟಿಯೂ ಮುಟ್ಟದಂತೆ ಮೇಲೆ ಆಡಿಸಿ ಉಬ್ಬುತಗ್ಗು ಅಳೆಯುತ್ತದೆ ಎಂದೆ. ಸರ್ ನಕ್ಕರು.

"ಅದಕ್ಕೂ ಕಣ್ಣಿಲ್ಲೇನು? ಹಂಗಾರ ನನಗೂ ಸವರಾಕ ಬರೂ ಹಂಗ ಮಾಡಿಕೊಂಡು ಬಾರವಾ."

ಆ ಚಿತ್ರವನ್ನೇ ಉಬ್ಬುಗುಂಡುಗಳ ಹಲಗೆಯಾಗಿ ಮಾಡಿಸಿದೆ. ಅದು ಕೈಗೆ ಬಂದ ದಿನವೇ ಫೋನು ಬಂತು... ಹಾರ್ಟ್ ಅಟ್ಯಾಕ್ ಆಗಿ ಸರ್ ಹೋಗಿದ್ದರು. ಹಿಂದಿನ ಸಂಜೆಯಷ್ಟೇ, ಹಲಗೆ ಯಾವಾಗ ತರುತ್ತೀ ಎಂದು ಕೇಳಿದ್ದರು. ನಂಬಲಾಗಲಿಲ್ಲ. ಈಗಲೂ ಸರಿಯಾಗಿ ನಂಬಿಲ್ಲ.

ಹಲಗೆಯನ್ನು ಹಿಡಿದುಕೊಂಡೇ ಹೋದೆ. ಕಾಕು ಅದನ್ನು ತೊಡೆಯ ಮೇಲಿಟ್ಟುಕೊಂಡು, ಸರ್ ನಮ್ಮಿಂದ ಮಾಡಿಸುತ್ತಿದ್ದಂತೆಯೇ, ಕಣ್ಣು ಮುಚ್ಚಿ ಸವರಿದರು. ಜೋಡಿ, ಜೋಡಿ, ಜೋಡಿ. ಒಂದು ಕಡೆ ಬೆರಳು ನಿಂತಿತು.

"ಇದರ ಜೋಡಿ ಎಲ್ಲೈತವಾ?"

ನಿಜವಾದ ಚೂರಿನಲ್ಲೂ ಆ ಜಾಗ ಖಾಲಿಯೇ ಇತ್ತು.

ಪಂಪು ರಿಪೇರಿಯಾಗಿ ಕೆಲಸ ಮತ್ತೆ ಶುರುವಾಗಿದೆ. ಇಂಥ ಖಾಲಿ ಜಾಗಗಳನ್ನೂ ಲೆಕ್ಕಕ್ಕೆ ಹಿಡಿದು ಕಂಪ್ಯೂಟರಿನಲ್ಲಿ ಹೊಸ ಮೇಲ್ಮೈ ಕಟ್ಟುತ್ತಿದ್ದೇವೆ. ಸೂಜಿಯ ತುದಿ ಅಂಥಲ್ಲಿ ಬಂದು ತಗ್ಗಿದಾಗಲೆಲ್ಲ ಕಾಕುವಿನ ನಿಂತ ಬೆರಳು ನೆನಪಾಗುತ್ತದೆ. ತೋರಿಸಬೇಕಾದವರಿಲ್ಲ. ಬೆರಳಿಗೆ ಹತ್ತಿದ ಗ್ರೀಸಿನ ವಾಸನೆ ಇನ್ನೂ ಹೋಗಿಲ್ಲ...