ಮುಕ್ಕಾಲು ಮಾತ್ರೆ

ನಮ್ಮ ಗಣಿತದ ಮಿಸ್ ಅವರ ಬಲಗೈ ತೋರುಬೆರಳಿನ ತುದಿ ಸೀಳಿತ್ತು. ಆ ಸೀಳಿನೊಳಗೆ ಸೀಮೆಸುಣ್ಣದ ಪುಡಿ ಸೇರಿಕೊಂಡು, ರಜೆಯ ದಿನ ಮಂಚೇನಹಳ್ಳಿ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಬೆರಳು ಬೆಳ್ಳಗೇ ಇರುತ್ತಿತ್ತು.

ಆರನೇ ಕ್ಲಾಸಿನಲ್ಲಿ ನಾನು ಕಾಲು ಭಾಗಕ್ಕಿಂತ ಎಂಟನೇ ಒಂದು ಭಾಗ ದೊಡ್ಡದು ಎಂದು ಬರೆದಿದ್ದೆ. ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ! ಮಿಸ್ ಬೈಯಲಿಲ್ಲ. ನನ್ನ ಊಟದ ಡಬ್ಬಿಯಿಂದ ರಾಗಿರೊಟ್ಟಿ ತೆಗೆದು, ನಾಲ್ಕು ತುಂಡಾಗಿ ಮುರಿದು, ತೀರಾ ಚಿಕ್ಕದನ್ನು ನನ್ನ ಕೈಗಿಟ್ಟರು.

"ತಗೋ, ನಾಲ್ಕರಲ್ಲಿ ಒಂದು."

"ಇದು ಮೋಸ ಮಿಸ್," ಎಂದೆ. ಅಳುವೇ ಬಂದಿತ್ತು.

"ಮೋಸಾನೇ ಕಣಮ್ಮ. ಸಮಭಾಗ ಆಗ್ದಿದ್ರೆ ಅದು ಕಾಲಲ್ಲ, ಚೂರು. ಮೊದ್ಲು ಕೆಳಗಡೆ ನೋಡು, ಎಷ್ಟು ಸಮಭಾಗ ಮಾಡಿದಾರೆ ಅಂತ. ಅದು ಛೇದ. ಆಮೇಲೆ ಮೇಲೆ ನೋಡು, ಅದ್ರಲ್ಲಿ ನಮ್ಗೆಷ್ಟು ಅಂತ. ಅದು ಅಂಶ. ಇದೇ ರೊಟ್ಟಿನ ಎಂಟು ಜನಕ್ಕೆ ಹಂಚಿದ್ರೆ ನಿನ್ ಹೊಟ್ಟೆ ತುಂಬ್ತದಾ?"

ಲೆಕ್ಕದ ಮೇಲಿನ ನನ್ನ ಭಯ ಅವತ್ತೇ ಹೋಯಿತು. ಮುಂದೆ ಫಾರ್ಮಸಿ ಓದಿ, ಬಸ್ ಸ್ಟ್ಯಾಂಡ್ ಎದುರು ಮೆಡಿಕಲ್ ಸ್ಟೋರ್ ಇಟ್ಟೆ. ಹೋದ ವರ್ಷ ಮಿಸ್ ಚೀಟಿ ಹಿಡಿದು ಬಂದರು. ಗೌರಿಬಿದನೂರಿನ ಡಾಕ್ಟರು ಹೃದಯದ ಮಾತ್ರೆಯನ್ನು ದಿನಕ್ಕೆ ಕಾಲು ಭಾಗ ಬರೆದಿದ್ದರು. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಮಿಸ್ ಕೈ ಬ್ಲೇಡು ಹಿಡಿಯಲಾರದಷ್ಟು ನಡುಗುತ್ತಿತ್ತು. ಬೆರಳಿನ ಸೀಳಿನಲ್ಲಿ ಸೀಮೆಸುಣ್ಣ ಇರಲಿಲ್ಲ. ಅದನ್ನು ನೋಡಿ ನನಗೆ ಸಂಕಟವಾಯಿತು.

ನಾಲ್ಕು ದಿನಕ್ಕೊಂದು ಮಾತ್ರೆ ನಾನೇ ಕತ್ತರಿಸಿ, ಪುಟ್ಟ ಡಬ್ಬಿಗೆ ಹಾಕಿ ಕೊಡುತ್ತಿದ್ದೆ. ಒಮ್ಮೆ ಗಿರಾಕಿಗಳ ಗಲಾಟೆಯಲ್ಲಿ ಹೇಗೋ ಕತ್ತರಿಸಿಬಿಟ್ಟೆ. ಮಿಸ್ ಮನೆಯಲ್ಲೇ ಇದ್ದ ಅವರ ತಂಗಿ ಡಬ್ಬಿಯನ್ನು ವಾಪಸ್ ತಂದರು.

"ಅಕ್ಕ ಬೈತಾವ್ರೆ ಕಣಮ್ಮ, ಇದು ಕಾಲಲ್ಲ, ಚೂರು ಅಂತ."

ನಾಚಿಕೆಯಿಂದ ಬೇರೆ ಮಾತ್ರೆ ಕತ್ತರಿಸಿದೆ.

ಕಳೆದ ತಿಂಗಳು ಒಂದು ಶನಿವಾರವೂ ಅವಸರದಲ್ಲೇ ಇದ್ದೆ. ಮಾತ್ರೆ ಕತ್ತರಿಸಿ ಡಬ್ಬಿ ಕೊಟ್ಟು ಕಳಿಸಿದೆ. ಭಾನುವಾರ ಕಾಲು ಮಾತ್ರೆ ನುಂಗಿ ಕುರ್ಚಿಯಲ್ಲಿ ಕೂತ ಮಿಸ್ ಮತ್ತೆ ಏಳಲಿಲ್ಲ. ಆ ಕಾಲು ಭಾಗವನ್ನು ಸರಿಯಾಗಿ ಕತ್ತರಿಸಿದ್ದೆನೋ ಇಲ್ಲವೋ? ತಿಥಿ ಮುಗಿಯುವ ತನಕ ಆ ಭಯ ನನ್ನನ್ನು ತಿಂದುಹಾಕಿತು. ಯಾರಿಗೂ ಹೇಳಲಿಲ್ಲ.

ತಿಥಿಯ ಮಾರನೆಯ ದಿನ ತಂಗಿ ಡಬ್ಬಿ ತಂದು ಕೌಂಟರ್ ಮೇಲಿಟ್ಟರು. "ಇದ್ನ ಏನ್ ಮಾಡ್ಲಮ್ಮ?"

ಒಳಗೆ ಮೂರು ತುಂಡು ಉಳಿದಿದ್ದವು. ಅಂಗೈ ಮೇಲೆ ಸುರಿದು, ಒಂದಕ್ಕೊಂದು ಒತ್ತಿ ಜೋಡಿಸಿದೆ. ಮೂರೂ ಸಮವಾಗಿದ್ದವು. ಖಾಲಿ ಉಳಿದ ಜಾಗವೂ ಅಷ್ಟೇ ಇತ್ತು. ಕೆಳಗೆ ನಾಲ್ಕು, ಮೇಲೆ ಮೂರು.

ಲೆಕ್ಕ ಸರಿಯಾಗಿತ್ತು. ಸರಿ ಅನ್ನಲು ಮಿಸ್ ಇರಲಿಲ್ಲ.