ಇಳಿಬಿಟ್ಟ ಪರದೆ

ವರ್ನಾ ಟಾಲೆಫ್ಸನ್ ಇಪ್ಪತ್ತಾರು ವರ್ಷ ಮೊಂಟಾನಾದ ಹಳ್ಳಿಗಾಡಿನಲ್ಲಿ ಶಾಲೆಯ ಬಸ್ಸು ಓಡಿಸಿದವಳು. ಗಂಡ ತೀರಿಕೊಂಡ ಮರುವರ್ಷ ಮನೆ ಮಾರಿ ಹಳೆಯದೊಂದು ಮೋಟಾರ್‌ಹೋಮ್ ಕೊಂಡಳು. ಅರುವತ್ತೆಂಟರ ಆ ಹೆಂಗಸಿಗೆ ಅಂದಿನಿಂದ ಅದೇ ಗಾಡಿ, ಅದೇ ಮನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಊರವರಿಗೆ ಗಾದೆ. ಅವಳಿಗೆ ದಿನನಿತ್ಯದ ಅಳತೆ. ಚಳಿಗಾಲಕ್ಕೆ ಅರಿಜೋನಾದ ಮರಳುಗಾಡು, ಮಾರ್ಚ್ ಬಂತೆಂದರೆ ಬೆಟ್ಟ ಹತ್ತಿ ಉತ್ತರಕ್ಕೆ. ಅಲ್ಲೊಂದು ಸರೋವರದ ದಡದಲ್ಲಿ, ಬೇಸಗೆಯಿಡೀ ಬಂದು ಬಿಡಾರ ಹೂಡುವವರನ್ನು ನೋಡಿಕೊಳ್ಳುವ ಕೆಲಸ ಅವಳಿಗೆ.

ನಮ್ಮ ಗಾಡಿಮಂದಿಯಲ್ಲಿ ಒಂದು ಮರ್ಯಾದೆಯುಂಟು. ಕಿಟಕಿಯ ಪರದೆ ಮೇಲಿದ್ದರೆ ಯಾರು ಬೇಕಾದರೂ ಬಾಗಿಲು ತಟ್ಟಬಹುದು, ಕಾಫಿ ಕುಡಿದು, ಹರಟೆ ಹೊಡೆದು ಹೋಗಬಹುದು. ಪರದೆ ಇಳಿದಿದ್ದರೆ ಆ ಮನೆ ಅಲ್ಲಿ ಇಲ್ಲವೇ ಇಲ್ಲ ಎಂದುಕೊಂಡು ನಡೆಯಬೇಕು. ತಗಡಿನ ಗೋಡೆಗಳ ನಡುವೆ ಬದುಕುವವರಿಗೆ ಬೇರೆ ಬೇಲಿ ಎಲ್ಲಿಂದ ಬರಬೇಕು ಹೇಳಿ. ವರ್ನಾ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಹೊಸಬನೊಬ್ಬ ಪರದೆ ಇಳಿದಿದ್ದ ಬಾಗಿಲನ್ನು ಚಿಟಿಕೆ ಉಪ್ಪಿಗಾಗಿ ತಟ್ಟಿದ್ದಕ್ಕೆ ಅವನಿಗೆ ಮರಳುಗಾಡಿನ ಬಿಸಿಲಲ್ಲೇ ಚಳಿ ಬಿಡಿಸಿದ್ದಳು.

ಓರಿನ್ ಪೆಟಿಗ್ರೂ ಏಳು ಚಳಿಗಾಲದಿಂದ ಅವಳ ಪಕ್ಕದ ಗಾಡಿಯವನು. ಕ್ಷೌರಿಕನಾಗಿ ದುಡಿದು ವಿಶ್ರಾಂತಿಗೆ ಬಂದವನು, ಹೆಂಡತಿಯಿಲ್ಲದವನು, ಮಾತಿಗೆ ನಿಂತರೆ ಕತ್ತರಿಯ ಹಾಗೆ ನಾಲಗೆ ಆಡಿಸುವವನು. ಮರಳುಗಾಡಿನಲ್ಲಿ ನಮ್ಮೆಲ್ಲರ ತಲೆಗೂ ಅವನದೇ ಕತ್ತರಿ. ಇಬ್ಬರೂ ಪ್ರತಿ ವರ್ಷ ಒಂದರ ಹಿಂದೊಂದು ಗಾಡಿ ಬಿಟ್ಟುಕೊಂಡು ಬೆಟ್ಟ ದಾಟುತ್ತಿದ್ದರು. ಜನ ಏನೇನೋ ಆಡಿಕೊಳ್ಳುತ್ತಿದ್ದರು. ಆಡುವವರ ಬಾಯಿಗೆ ಬಾಗಿಲುಂಟೆ?

ಆ ಸಲ ಘಾಟಿಯ ಬುಡದಲ್ಲಿ ತಂಗಿದ ಸಂಜೆ ಓರಿನ್ ಊಟದ ತಟ್ಟೆ ಸರಿಸಿ ಹೇಳಿಯೇಬಿಟ್ಟ.

"ಎರಡು ಗಾಡಿ ಯಾಕೆ ವರ್ನಾ? ನಿಂದು ಮಾರ್ಬಿಡು. ನಂದಕ್ಕೆ ಬಂದ್ಬಿಡು."

"ನಿನ್ನ ಗಾಡೀಲಿ ನಿನ್ನ ಮಾತಿಗೇ ಜಾಗ ಸಾಲಲ್ಲ ಮಾರಾಯ. ನಾನೆಲ್ಲಿ ಕೂತ್ಕೊಳ್ಳಲಿ?"

ಅವಳು ತಮಾಷೆಗೆಂದೇ ಅಂದದ್ದು. ಮನಸ್ಸಿನಲ್ಲಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು. ಎರಡನ್ನೂ ಮುಚ್ಚಲು ಬಾಯಿಗೆ ಸಿಕ್ಕಿದ್ದು ನಗೆ. ಅವನ ಮುಖ ಸಣ್ಣದಾಯಿತು.

"ಸರಿ ತಾಯಿ. ಇನ್ಮೇಲೆ ನನ್ನ ಬಾಗಿಲು ತಟ್ಟೋ ಕಷ್ಟ ನಿನಗೆ ಬೇಡ," ಎಂದು ಎದ್ದು ಹೋದ.

ಬೆಳಗ್ಗೆ ಹೊರಟಾಗ ಆಕಾಶ ಬೂದಿ ಬಳಿದ ಹಾಗಿತ್ತು. ಮಾರ್ಚಿನ ಹಿಮವನ್ನು ನಂಬಬಾರದು ಎನ್ನುತ್ತಾರೆ ಇಲ್ಲಿನವರು. ಜನವರಿಯ ಹಿಮ ಬಿದ್ದಲ್ಲಿ ಬಿದ್ದಿರುತ್ತದೆ, ಮಾರ್ಚಿನದು ಮೇಲಿಂದ ಜಾರುತ್ತದೆ. ಕನ್ನಡಿಯಲ್ಲಿ ಓರಿನ್ನನ ಗಾಡಿಯ ದೀಪಗಳು ತಿರುವು ತಿರುವಿಗೂ ಹಿಂದೆ ಬರುತ್ತಿದ್ದವು. ಬೇರೆ ವರ್ಷಗಳಲ್ಲಿ ಕೈ ರೇಡಿಯೋದಲ್ಲಿ ಅವನ ಪುರಾಣ ಮುಗಿಯುತ್ತಿರಲಿಲ್ಲ. ಈ ಸಲ ಬರೀ ಗರಗರ. ವರ್ನಾ ಎರಡು ಸಲ ರೇಡಿಯೋ ಎತ್ತಿಕೊಂಡು, ಎರಡು ಸಲವೂ ಕೆಳಗಿಟ್ಟಳು.

ಟ್ವೆಲ್ವ್‌ಮೈಲ್ ಘಾಟಿಯ ಅರ್ಧಕ್ಕೆ, ಹಿಮದಲ್ಲಿ ಜಾರದಂತೆ ಚಕ್ರಗಳಿಗೆ ಸರಪಳಿ ಕಟ್ಟಲು ಬಿಟ್ಟ ಬಯಲಿನಲ್ಲಿ, ಹಿಮ ತಳ್ಳುವ ಲಾರಿಯವನು ಅಡ್ಡಗಟ್ಟಿದ.

"ಮೇಲೆ ಹಿಮ ಜಾರಿದೆ ಅಮ್ಮಾ. ಕೆಳಗೂ ರಸ್ತೆ ಕಾಣಿಸ್ತಿಲ್ಲ. ಸಂಜೆವರೆಗೆ ಇಲ್ಲೇ ಇರಿ. ನಾನು ಆಗಾಗ ಬಂದು ಬಯಲಿನ ಹಿಮ ತಳ್ತಿರ್ತೀನಿ."

ಬಯಲಿನಲ್ಲಿ ಇದ್ದದ್ದು ಅವರಿಬ್ಬರ ಗಾಡಿಗಳೇ. ಫೋನು ಸತ್ತಿತ್ತು. ಓರಿನ್ ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ, ಅವಳತ್ತ ತಿರುಗಿಯೂ ನೋಡದೆ, ಒಂದೊಂದೇ ಕಿಟಕಿಯ ಪರದೆ ಎಳೆದ. ಆಮೇಲೆ ಜನರೇಟರಿನ ಸದ್ದು ಕೇಳಿತು. ಗಾಡಿ ಬೆಚ್ಚಗಿಡುವ ಅವನ ಗ್ಯಾಸ್ ತಳ ಕಂಡಿರುವುದು ವರ್ನಾಳಿಗೆ ಗೊತ್ತಿತ್ತು. ಕರೆಂಟಿನ ಹೀಟರಿಗೆ ಜನರೇಟರೇ ಗತಿ.

ಹನ್ನೊಂದರ ಸುಮಾರಿಗೆ ಲಾರಿ ಎರಡು ಸುತ್ತು ಬಂದು ಹೋಯಿತು. ತಳ್ಳಿದ ಹಿಮವೆಲ್ಲ ಓರಿನ್ನನ ಗಾಡಿಯ ಎಡಮಗ್ಗುಲಿಗೆ ಗೋಡೆಯಾಗಿ ನಿಂತಿತು. ಗಾಡಿಯ ಅಡಿಯಲ್ಲೇ ಕೂರಿಸಿದ ಜನರೇಟರಿನ ಹೊಗೆಕೊಳವೆ ಇರುವುದು ಆ ಮಗ್ಗುಲಲ್ಲೇ. ವರ್ನಾ ಕಿಟಕಿಯಿಂದ ನೋಡಿದಳು. ಹಿಮದ ಸೀಮೆಯಲ್ಲೇ ಹುಟ್ಟಿ ಬೆಳೆದವನು, ಅವನಿಗೆ ಯಾರು ಹೇಳಿಕೊಡಬೇಕು, ಈಗ ಬಂದು ತೋಡುತ್ತಾನೆ ಎಂದುಕೊಂಡಳು. ಅವನು ಬರಲಿಲ್ಲ.

ಹನ್ನೆರಡಕ್ಕೆ ಹುರುಳಿಕಾಯಿ ಬೀಜದ ಸಾರು ಕುದಿಸಿ, ಒಂದು ಬಟ್ಟಲಿಗೆ ಹಾಕಿ, ತಟ್ಟೆ ಮುಚ್ಚಿಕೊಂಡು ಹೊರಟಳು. ಮೊಣಕಾಲವರೆಗೆ ಹಿಮ. ಹೊಗೆಕೊಳವೆ ಪೂರ್ತಿ ಹೂತಿರಲಿಲ್ಲ. ಮುಷ್ಟಿಯಷ್ಟು ಕಪ್ಪು ತೂತಿನಿಂದ ಹೊಗೆ ಬರುತ್ತಿತ್ತು. ಕಣ್ಣಾರೆ ನೋಡಿದಳು. ಮೆಟ್ಟಿಲು ಹತ್ತಿ ಕೈ ಎತ್ತಿದಳು.

ಪರದೆ ಇಳಿದಿತ್ತು. ನಿನ್ನೆಯ ಮಾತು ಕಿವಿಯಲ್ಲಿತ್ತು. ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ತಾನೇ ತಟ್ಟುವುದೆ? ಅದೂ ಬೇಡ ಎಂದವನ ಬಾಗಿಲನ್ನು? ಮರ್ಯಾದೆ ಎಂದು ಅವಳು ತನಗೇ ಹೇಳಿಕೊಂಡದ್ದರಲ್ಲಿ ಅರ್ಧ ಬಿಗುಮಾನ. ಅದು ಅವಳಿಗೂ ಗೊತ್ತಿತ್ತು. ಎತ್ತಿದ ಕೈ ಇಳಿಸಿ, ಬಂದ ಹೆಜ್ಜೆಗಳಲ್ಲೇ ಕಾಲಿಡುತ್ತ ಹಿಂತಿರುಗಿದಳು. ಆರುವ ಮೊದಲು ಸಾರನ್ನು ತಾನೇ ಕುಡಿದಳು.

ಒಂದು ಗಂಟೆಗೆ ಜನರೇಟರ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತುಹೋಯಿತು.

ಬಯಲಿನಲ್ಲಿ ಈಗ ಯಾವ ಸದ್ದೂ ಇಲ್ಲ. ಹೀಟರ್ ಆರಿದರೆ ಎಂಥ ಕೋಪಿಷ್ಠನೂ ಹೊರಗೆ ಬಂದೇ ಬರಬೇಕು. ವರ್ನಾ ಗಾಜಿಗೆ ಹಣೆಯಿಟ್ಟು ಕಾದಳು. ಅವನ ಪರದೆ ಅಲುಗಲಿಲ್ಲ. ಕಪ್ಪು ತೂತಿದ್ದ ಜಾಗದಲ್ಲಿ ಹಿಮ ನಯವಾಗಿ ಮುಚ್ಚಿಕೊಂಡಿತ್ತು. ಹೋಗುವ ದಾರಿ ಮುಚ್ಚಿದ ಹೊಗೆ ಎಲ್ಲಿಗೆ ಹೋಗಿರಬೇಕು ಎಂದು ಅವಳಿಗೆ ಆಗ ಹೊಳೆಯಿತು.

ಕೋಟಿಲ್ಲದೆ ಓಡಿದಳು. ಎರಡು ಕೈಯಿಂದ ಬಾಗಿಲು ಬಡಿದಳು. "ಓರಿನ್, ಬಾಗಿಲು ತೆಗಿ. ನಾನು ಕಣೋ, ತೆಗಿ." ಒಳಗಿಂದ ಚಿಲಕ. ತನ್ನ ಗಾಡಿಗೆ ಓಡಿ ಚಕ್ರ ಬಿಚ್ಚುವ ಸ್ಪ್ಯಾನರ್ ತಂದು, ಬಾಗಿಲಿನ ಗಾಜು ಒಡೆದು ಕೈ ತೂರಿಸಿ ಚಿಲಕ ತಿರುಗಿಸಿದಳು. ಬಾಗಿಲು ಎಳೆದದ್ದೇ ತಡ, ಅವನ ತಲೆ ಭುಜ ಅವಳ ಮಡಿಲಿಗೇ ಕುಸಿದವು. ಕೆನ್ನೆ ಎಳೆಮಗುವಿನ ಕೆನ್ನೆಯಂತೆ ಕೆಂಪಗಿತ್ತು. ವಿಷಗಾಳಿಗೆ ಕೂಗಬೇಕಾದ ಅಲಾರಮ್ಮು, ಸುಮ್ಮಸುಮ್ಮನೆ ಕಿರುಚುತ್ತದೆ ಎಂದು ಅವನೇ ಬ್ಯಾಟರಿ ಕಿತ್ತಿಟ್ಟದ್ದು, ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ಕಂಕುಳಿಗೆ ಕೈ ಕೊಟ್ಟು ಅವನನ್ನು ಹಿಮಕ್ಕೆ ಎಳೆದುಹಾಕಿ, ಲಾರಿ ಬರುವವರೆಗೂ ಅವನ ಬಾಯಿಗೆ ತನ್ನ ಉಸಿರು ಊದಿದಳು.

ಲಾರಿಯವನು ತಾನೇ ಮುಂದೆ ಹಿಮ ತಳ್ಳುತ್ತ ಇಬ್ಬರನ್ನೂ ಕಣಿವೆಯ ಆಸ್ಪತ್ರೆಗೆ ಇಳಿಸಿದ. ಓರಿನ್ ಉಳಿದ. ಉಳಿದ ಎಂದರೆ ಉಸಿರು ಉಳಿಯಿತು. ಬೆರಳುಗಳು ನಡುಗುತ್ತಿದ್ದವು, ಮಾತು ತಡೆದು ತಡೆದು ಬರುತ್ತಿತ್ತು. ಇನ್ನು ಕತ್ತರಿ ಹಿಡಿಯುವುದು ಅನುಮಾನ ಎಂದರು ಡಾಕ್ಟರು.

ಮೂರನೆಯ ದಿನ ಬೆಳಗ್ಗೆ, ಆಸ್ಪತ್ರೆಯ ಮಂಚದ ಪಕ್ಕ ವರ್ನಾ ಕೂತಿದ್ದಾಗ, ಅವನು ಅವಳತ್ತ ತಿರುಗಿದ.

"ಗಾಜು ಒಡೆಯೋದಕ್ಕಿಂತ ಮುಂಚೆ... ಒಂದು ಸಲ ಬಂದಿದ್ಯಾ ನೀನು? ಮೆಟ್ಲು ಕಿರ್ ಅಂದಿದ್ದು ಕೇಳಿಸ್ತು."

ಗಾಳಿಯಿರಬೇಕು ಎನ್ನಬಹುದಿತ್ತು. ಅಲ್ಲಿ ಇನ್ನೊಬ್ಬ ಸಾಕ್ಷಿಯಿರಲಿಲ್ಲ. ಗಂಟಲಲ್ಲಿ ಸುಳ್ಳು ಸಿದ್ಧವಾಗಿಯೇ ನಿಂತಿತ್ತು.

"ಬಂದಿದ್ದೆ," ಎಂದಳು.

"ಕಾಲು ಏಳ್ತಿರ್ಲಿಲ್ಲ. ತೆವಳ್ಕೊಂಡು ಬಾಗಿಲ ಹತ್ರ ಬಂದಿದ್ದೆ. ಕೂಗೋಕೆ ಬಾಯೇ ಬರ್ಲಿಲ್ಲ." ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಹೇಳಿದ. "ಈಗ ತಟ್ತಾಳೆ, ಈಗ ತಟ್ತಾಳೆ ಅಂತಿದ್ದೆ. ಮೆಟ್ಲು ಇಳಿದದ್ದೂ ಕೇಳಿಸ್ತು."

ವರ್ನಾ ಅವನ ಕೈ ಹಿಡಿಯಲು ಹೋದಳು. ಅವನು ನಡುಗುವ ಕೈಯನ್ನು ಮೆಲ್ಲನೆ ಹೊದಿಕೆಯೊಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ.