ಏನೂ ಮಾಡಬಾರದ ಗಿಡಗಳು

ಕಳೆದ ತಿಂಗಳು ಹಳೆಯ ಕೋಟಿನ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ಗಲಾಟೆ ಹೂವಿನ ಒಣಗಿದ ಗುಂಡು. ಮುಟ್ಟಿದರೆ ಬೀಜ ಉದುರುವಂಥದ್ದು. ಮೂಗಿಗೆ ಹಿಡಿದರೆ ಒಣಹುಲ್ಲಿನ ವಾಸನೆ... ಅದರ ಹಿಂದೆಯೇ ಎದುರುಮನೆಯ ಅತ್ತೆ ನೆನಪಿಗೆ ಬಂದು ನಿಂತರು.

ನೆಂಟಸ್ತಿಕೆಯೇನೂ ಇರಲಿಲ್ಲ. ಕೂಡ್ಲಿಗಿಯ ನಮ್ಮ ಓಣಿಯ ವಾಡಿಕೆಯಂತೆ ನನಗೆ ಅವರು ಅತ್ತೆ, ಅವರಿಗೆ ನಾನು ಅಳಿಯ. ಅವರ ಅಂಗಳದ ಕೆಮ್ಮಣ್ಣಿನಲ್ಲಿ, ಕೆಂಪು ಎಸಳಿಗೆ ಹಳದಿ ಅಂಚಿನ ಗಲಾಟೆ ಹೂ ವರ್ಷವಿಡೀ ಇರುತ್ತಿತ್ತು. ಮದುವೆಯಾಗಿ ಬರುವಾಗ ಮಾಗಳದ ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ಬೀಜವದು. ತವರಿನಲ್ಲಿ ಆಮೇಲೆ ಬಾ ಅನ್ನುವವರೂ ಉಳಿಯಲಿಲ್ಲ.

ಒಮ್ಮೆ ಮಗಳ ಬಾಣಂತನಕ್ಕೆಂದು ಹರಪನಹಳ್ಳಿಗೆ ಹೊರಟಾಗ ಅಂಗಳವನ್ನು ನನ್ನ ವಶಕ್ಕೆ ಕೊಟ್ಟರು.

"ಅಳಿಯಾ, ನೀ ಏನೂ ಮಾಡಬ್ಯಾಡ. ವಾರಕ್ಕೊಂದು ಕೊಡ ನೀರು ಸಾಕು. ಒಣಗಿದ್ದನ್ನ ಮುಟ್ಟಬ್ಯಾಡ."

ನಾನು ಆಗಷ್ಟೇ ಮೇಷ್ಟ್ರಾಗಿದ್ದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ತಿದ್ದುವುದು ನನ್ನ ಪವಿತ್ರ ಕರ್ತವ್ಯವಾಗಿತ್ತು. ಎರಡು ಹೊತ್ತು ನೀರುಣಿಸಿದೆ. ಬುಟ್ಟಿಗಟ್ಟಲೆ ಗೊಬ್ಬರ ಸುರಿದೆ. ಒಣಗಿದ ಗುಂಡುಗಳು ಅಂಗಳದ ಶಿಸ್ತಿಗೆ ಕಳಂಕವೆಂದು ತೀರ್ಮಾನಿಸಿ, ಒಂದನ್ನೂ ಬಿಡದೆ ಕತ್ತರಿಸಿ ಹಿತ್ತಲ ತಿಪ್ಪೆಗೆ ಎಸೆದೆ. ಗಿಡ ಬಾಡಿದವು. ಬಾಯಾರಿಕೆಯೆಂದು ತಿಳಿದು ಇನ್ನೆರಡು ಕೊಡ ಹಾಕಿದೆ. ಬೇರು ಕೊಳೆತು, ಎಲ್ಲವೂ ಒಮ್ಮತದಿಂದ ಮಲಗಿದವು.

ಅತ್ತೆ ಬಂದ ದಿನ ನಾನು ಕೊಡ ಹಿಡಿದೇ ನಿಂತಿದ್ದೆ.

"ಎಷ್ಟು ನೀರು ಹಾಕಿದಿ?"

"ದಿನಾ ಎರಡು ಹೊತ್ತು, ಅತ್ತಿ."

"ಅಯ್ಯ, ಭತ್ತ ನಾಟಿ ಮಾಡಿದಿಯೇನು? ಬೀಜದ ಗುಂಡು ಎಲ್ಲಿ ಅದಾವ?"

ತಿಪ್ಪೆಯ ಕಡೆ ಕೈ ತೋರಿಸಿದೆ. ಅವರು ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಮಾಗಳದ್ದು ಅಂತ ಅದಷ್ಟ ಉಳದಿತ್ತು" ಎಂದರು... ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಇಬ್ಬರೂ ಕೂತು ತಿಪ್ಪೆ ಕೆದರಿದೆವು. ಸಿಕ್ಕ ಗುಂಡುಗಳೆಲ್ಲ ಬೂಸಲು ಹಿಡಿದಿದ್ದವು. ಅತ್ತೆ ಕೈ ತೊಳೆದುಕೊಂಡು ಒಳಗೆ ಹೋದರು.

ಮುಂಗಾರಿನ ಎರಡು ಮಳೆಯಾದ ಮೇಲೆ ಬೆಳಿಗ್ಗೆಯೇ ಅವರ ಕೂಗು ಕೇಳಿತು. ತಿಪ್ಪೆಯ ಆಚೆ, ಯಾರ ಉಪಕಾರವೂ ತಲುಪದ ಕಲ್ಲುಗರಸು ನೆಲದಲ್ಲಿ, ಏಳು ಸಸಿಗಳು ಎದ್ದಿದ್ದವು.

"ನೋಡೋ ಅಳಿಯಾ, ನಿನ್ ಕೈ ತಪ್ಪಿಸ್ಕೊಂಡು ಬದುಕ್ಯಾವ!"

ನಗುತ್ತಲೇ ಕಣ್ಣೊರೆಸಿಕೊಂಡರು. ಆ ಗಿಡಗಳು ಹೂಬಿಟ್ಟ ಮೇಲೆ ಮೊದಲು ಒಣಗಿದ ಗುಂಡನ್ನು ನನ್ನ ಕೋಟಿನ ಜೇಬಿಗೆ ಹಾಕಿದರು. "ನಿನ್ ಕಡಿ ಒಂದು ಇರ್ಲಿ. ನನ್ ಅಂಗಳ ನಾಳಿ ಏನಾಕ್ಕತೋ ಏನೋ."

ಕೆಡಿಸಿದವನಿಗೇ ಕಾಪಿಡಲು ಕೊಟ್ಟರು. ನಾನು ಅದನ್ನೂ ಮರೆತೆ.

ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಅವರ ಅಂಗಳಕ್ಕೆ ಸಿಮೆಂಟು ಬಿದ್ದಿದೆ. ತಿಪ್ಪೆಯಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಜೇಬಿನ ಬೀಜವನ್ನು ನಮ್ಮ ಗೋಡೆಯ ಬದಿ ಉದುರಿಸಿದ್ದೇನೆ. ಇಷ್ಟು ಹಳೆಯದು ಹುಟ್ಟುತ್ತದೋ ಇಲ್ಲವೋ, ಇನ್ನೂ ಒಂದೂ ತಲೆಯೆತ್ತಿಲ್ಲ. ದಿನಾ ಬೆಳಿಗ್ಗೆ ಕೈ ತಾನಾಗಿ ಕೊಡದ ಕಡೆ ಹೋಗುತ್ತದೆ; ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ವಾರ ತುಂಬಲು ಇನ್ನೂ ಮೂರು ದಿನವಿದೆ, ಅತ್ತೆ.